ಫಂಡ್ ಬರುವ ತನಕ

ಚನ್ನಮ್ಮನ ಪರಿಚಯ ನನಗಾದದ್ದು ಅವಳ ಬೈಗುಳದಿಂದ. ದೇವಳಾಲಿ ಕ್ಯಾಂಪಿನ ನಮ್ಮ ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸುವ ಮಷೀನು ಅವಳ ಪುಸ್ತಕವನ್ನು ಒಳಗೆಳೆದುಕೊಂಡು ಸುಮ್ಮನೆ ಕೂತುಬಿಟ್ಟಿತ್ತು. "ನಿನ್ನ ಬಾಯಾಗ ಮಣ್ಣ ಬೀಳ್ಲಿ, ಕೊಡ ನನ್ನ ಬುಕ್ಕ" ಎಂದು ಆಕೆ ಅದರ ನೆತ್ತಿಗೆ ಎರಡೇಟು ಹಾಕಿದಳು. ಅಲ್ಲಿದ್ದವರು ಯಾರಿಗೂ ಅರ್ಥವಾಗಲಿಲ್ಲ, ನನಗೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಕೌಂಟರಿನ ಹಿಂದಿನಿಂದಲೇ "ಯಾವೂರವ್ವಾ ನಿಂದು?" ಎಂದೆ. ಆಕೆ ಗಕ್ಕನೆ ತಿರುಗಿದಳು. ಮಷೀನೂ ಮರೆತುಹೋಯಿತು, ಪುಸ್ತಕವೂ ಮರೆತುಹೋಯಿತು. "ಭಾಲ್ಕಿ ಕಡೀದಾಕಿ ಇದ್ದೀನ್ರಿ. ನೀವು ಕನ್ನಡದವ್ರೇನ್ರಿ ಮೇಡಮ್?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ನಾನು ಗದಗಿನವಳು, ಹೆಸರು ಮಂದಾಕಿನಿ. ಮೂರು ವರ್ಷಕ್ಕೆಂದು ನಾಸಿಕ್‌ಗೆ ವರ್ಗವಾಗಿ ಬಂದೆ. ನನ್ನ ಗಂಡ ಗೋವಿಂದರಿಗೆ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಯೇ ಬೇರು ಬಿಟ್ಟೆ. ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಚನ್ನಮ್ಮನ ಕತೆ ಹೇಳುವಾಗ ಆ ಸಿಟ್ಟು ನಡುನಡುವೆ ಹೊರಗೆ ಬಂದರೆ ಓದುವವರು ಸಹಿಸಿಕೊಳ್ಳಬೇಕು.

ಚನ್ನಮ್ಮನ ಕೆಲಸ ಡೇರೆ ಹೊಲಿಯುವುದು. ಕ್ಯಾಂಪಿನ ಆಚೆ ಮಿಲಿಟರಿ ಸಾಮಾನಿನ ಡಿಪೋ ಒಂದಿದೆ. ಗಡಿಯಿಂದ, ನೆರೆ ಬಂದ ಊರುಗಳಿಂದ ಹರಿದ ಡೇರೆಗಳು ಅಲ್ಲಿಗೆ ಬರುತ್ತವೆ. ಸಿಮೆಂಟಿನ ನೆಲದ ಮೇಲೆ ಚಾಪೆ ಹಾಸಿಕೊಂಡು, ಒಂದು ಡೇರೆಯ ಆ ಬದಿಗೊಬ್ಬರು ಈ ಬದಿಗೊಬ್ಬರು ಕೂತು, ಮೇಣ ತಿಕ್ಕಿದ ದಾರದಿಂದ ದಬ್ಬಣ ಹಾಕಿ ಹೊಲಿಯುತ್ತಾರೆ. ಈ ಹೊಲಿಯುವವರು ಸೈನಿಕರಲ್ಲ, ಸೈನ್ಯಕ್ಕಾಗಿ ದುಡಿಯುವ ಸಾಮಾನ್ಯ ಜನ. ಭಾಲ್ಕಿಯ ನೆಂಟರಿಗೆ ಮಾತ್ರ ಈ ವ್ಯತ್ಯಾಸ ಎಂದೂ ತಲೆಗೆ ಹತ್ತಲಿಲ್ಲ. "ನಮ್ಮ ಚನ್ನಿ ಮಿಲಿಟರ್ಯಾಗ ಇದ್ದಾಳ, ಅಕಿಗೇನ ಕಮ್ಮಿ" ಎಂದು ಅವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವಳಿಗೆ ಏನೇನು ಕಮ್ಮಿಯಿತ್ತೆಂದು ನನ್ನನ್ನು ಕೇಳಬೇಕಿತ್ತು.

ಮೊದಲು ಆ ಚಾಪೆಯ ಮೇಲೆ ಕೂತಿದ್ದವನು ಅವಳ ಗಂಡ ರವಿಕಾಂತ. ದಿನಗೂಲಿ. ಇಂದಲ್ಲ ನಾಳೆ ಪರ್ಮನೆಂಟ್ ಆಗುತ್ತದೆಂದು ಕಾಯುತ್ತಾ ಕಾಯುತ್ತಾ ಒಂದು ಮಳೆಗಾಲ ಕಾಮಾಲೆಯಿಂದ ತೀರಿಕೊಂಡ. ಮನೆಯಲ್ಲಿ ಅವನ ಪಕ್ಕದಲ್ಲಿ ಕೂತು ಹೊಲಿಗೆ ಕಲಿತಿದ್ದ ಹೆಂಡತಿಯನ್ನು ಡಿಪೋದವರು ಕರೆದು ಅದೇ ಜಾಗಕ್ಕೆ ಕೂರಿಸಿದರು, ಅದೂ ದಿನಗೂಲಿಗೇ. ಗಂಡ ಕಾದಿದ್ದ ವರ್ಷಗಳು ಗಂಡನ ಜೊತೆಯೇ ಮಣ್ಣಾದವು. ಸರತಿಯಲ್ಲಿ ಇವಳ ಹೆಸರು ಹೊಸದಾಗಿ, ಎಲ್ಲರಿಗಿಂತ ಕೆಳಗೆ ಸೇರಿತು.

ಡೇರೆಯ ಆ ಬದಿಯಲ್ಲಿ ಕೂತವರು ಗಾಯಧನಿ ಕಾಕಾ, ಪರ್ಮನೆಂಟ್. ಈ ಬದಿಯಲ್ಲಿ ಚನ್ನಮ್ಮ. ಅದೇ ಡೇರೆ, ಅದೇ ದಾರ, ಅದೇ ಹೊತ್ತು. ಕಾಕಾಗೆ ರಜೆ ಉಂಟು, ಕ್ವಾರ್ಟರ್ಸ್ ಉಂಟು, ಕಾಯಿಲೆ ಬಿದ್ದರೆ ಔಷಧಿ ಉಂಟು. ಚನ್ನಮ್ಮನಿಗೆ ಬಂದ ದಿನದ ಕೂಲಿ, ಬಾರದ ದಿನ ಏನೂ ಇಲ್ಲ, ಆ ಕೂಲಿಯೂ ಕಾಕಾನ ಸಂಬಳದ ಮೂರರಲ್ಲಿ ಒಂದು ಪಾಲಿಗೂ ಸಾಲದು. ಇಂಥವರನ್ನು ಪರ್ಮನೆಂಟ್ ಮಾಡಲು ಮೇಲಿನವರು ಒಪ್ಪಿದ್ದರು. ಒಪ್ಪಿದ್ದೇವೆಂದು ಪ್ರತಿ ವರ್ಷವೂ ಹೇಳುತ್ತಿದ್ದರು. ಆದರೆ ಅದಕ್ಕೆ ಫಂಡ್ ಇಲ್ಲ. ಡಿಪೋದವರು ದಿಲ್ಲಿ ಕಡೆ ಕೈ ತೋರಿಸುತ್ತಿದ್ದರು, ದಿಲ್ಲಿಯವರು ಮುಂದಿನ ಬಜೆಟ್ ಕಡೆ ಕೈ ತೋರಿಸುತ್ತಿದ್ದರು. ಹರಿದ ಡೇರೆ ಮಾತ್ರ ಯಾವ ಬಜೆಟ್ಟಿಗೂ ಕಾಯದೆ ಲಾರಿಗಟ್ಟಲೆ ಬಂದು ಬೀಳುತ್ತಿತ್ತು. ನನಗೆ ಈಗಲೂ ಆ 'ಫಂಡ್' ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ.

ಚನ್ನಮ್ಮನಿಗೆ ಒಬ್ಬಳೇ ಮಗಳು, ರುಚಿತಾ. ತಂದೆ ಹೋದಾಗ ಇನ್ನೂ ಒಂದನೇ ಇಯತ್ತೆ. ತಾಯಿ ಬೆಳಿಗ್ಗೆ ಡಿಪೋಗೆ ಹೋದರೆ ಬರುವುದು ಸಂಜೆ. ಶಾಲೆ ಬಿಡುವುದು ಮಧ್ಯಾಹ್ನ. ವಿಹಿತಗಾವ್‌ನ ಬಾಡಿಗೆ ಖೋಲಿಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಒಂದು ದಿನ ಮೈಸುಡುವ ಜ್ವರದಲ್ಲಿ ಆ ಮಗು ಬೀಗ ಹಾಕಿದ ಬಾಗಿಲಿಗೆ ಒರಗಿ ಮಲಗಿಬಿಟ್ಟಿತ್ತು. ಚನ್ನಮ್ಮ ಬಂದು ಎತ್ತಿಕೊಂಡಾಗ ಕಣ್ಣು ತೆರೆಯಲಿಲ್ಲ. ದವಾಖಾನೆಗೆ ಓಡಿದಳು, ಮಗು ಉಳಿಯಿತು, ಆದರೆ ಚನ್ನಮ್ಮನ ಧೈರ್ಯ ಅಲ್ಲಿಗೆ ಮುಗಿಯಿತು.

ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಿಂದ ತಂಗಿ ಲತಾ ಓಡಿ ಬಂದಳು. ಲತಾಳ ಗಂಡ ವಿಶ್ವನಾಥಪ್ಪ ಸಿಲ್ಲೋಡ್‌ನಲ್ಲಿ ಮೆಕ್ಕೆಜೋಳದ ವ್ಯಾಪಾರಿ, ವಾರದಲ್ಲಿ ನಾಲ್ಕು ದಿನ ಅಲ್ಲಿಯೇ. ಮನೆಯಲ್ಲಿ ಲತಾ ಒಬ್ಬಳೇ. ಮಕ್ಕಳಿರಲಿಲ್ಲ. "ಅಕ್ಕಾ, ನಾ ಒಯ್ತೀನಿ ಕೂಸಿನ್ನ. ನೀ ಪರ್ಮನೆಂಟ್ ಆಗೋತನಕ ನನ್ನ ಬಲ್ಲಿ ಇರ್ಲಿ. ನಿನಗ ಕ್ವಾರ್ಟರ್ಸ್ ಸಿಕ್ಕ ದಿನ ನಾನೇ ತಂದು ನಿನ್ನ ಉಡ್ಯಾಗ ಹಾಕ್ತೀನಿ" ಎಂದಳು. ಚನ್ನಮ್ಮ ಒಪ್ಪಿದಳು. ಒಂದು ವರ್ಷದ ಮಾತು, ಬಹಳವೆಂದರೆ ಎರಡು ಎಂದುಕೊಂಡಿದ್ದಳು. ಪರ್ಮನೆಂಟ್ ಆಗುವುದೆಂದರೆ ಬೇರೆಯವರಿಗೆ ಸಂಬಳ, ಪಿಂಚಣಿ. ಅವಳಿಗೆ ಮಗಳು ಮನೆಗೆ ಬರುವುದು, ಅಷ್ಟೇ.

ತಿಂಗಳಿಗೊಂದು ಭಾನುವಾರ ಬೆಳಕು ಹರಿಯುವ ಮುಂಚಿನ ಬಸ್ಸು ಹಿಡಿದು ಹೋಗಿ, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದಳು. ಮಗಳು ಪ್ರತಿ ಸಲ "ಅವ್ವ, ಪರ್ಮನೆಂಟ್ ಆತೇನ?" ಎಂದು ಕೇಳುವುದು, ಇವಳು "ಫಂಡ್ ಬಂದಿಲ್ಲ ಕೂಸ, ಮುಂದಿನ ವರ್ಷ" ಎನ್ನುವುದು. ಆ ಎರಡು ಶಬ್ದಗಳ ಅರ್ಥ ಗೊತ್ತಿಲ್ಲದ ವಯಸ್ಸಿನಲ್ಲೇ ಆ ಹುಡುಗಿ ಅವುಗಳನ್ನು ಕಲಿತಳು.

ಇನ್ನು ಊಟದ ಬಹಿಷ್ಕಾರದ ಸಂಗತಿ. ಹೊರಗಿನವರಿಗೆ ಇದು ಗೊತ್ತಿರಲಾರದು. ರಕ್ಷಣೆಯ ಕೆಲಸವೆಂದು ಡಿಪೋದವರು ಮುಷ್ಕರ ಹೂಡುವ ಹಾಗಿಲ್ಲ. ಘೋಷಣೆ ಕೂಗಿ ಕೆಲಸ ನಿಲ್ಲಿಸಿದರೆ ಮನೆಗೆ ಕಳಿಸುತ್ತಾರೆ. ಅದಕ್ಕೆ ಅವರು ಕಂಡುಕೊಂಡ ದಾರಿ ಇದು. ಗೊತ್ತು ಮಾಡಿದ ದಿನ ಎಲ್ಲರೂ ಎಂದಿನಂತೆ ಡಬ್ಬಿ ತರುತ್ತಾರೆ. ಊಟದ ಗಂಟೆ ಹೊಡೆದಾಗ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಡಬ್ಬಿ ಬಿಚ್ಚದೆ, ಗೇಟಿನ ಒಳಗೆ ಸಾಲಾಗಿ ನಿಲ್ಲುತ್ತಾರೆ. ಯಾರೂ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಯಾರೂ ಆ ಹೊತ್ತಿನಲ್ಲಿ ಸಾಲು ಬಿಡುವುದಿಲ್ಲ, ಗೇಟು ದಾಟುವುದಿಲ್ಲ, ಏಕೆಂದರೆ ದಾಟಿದವನು ಹೊರಗೆ ಹೋಗಿ ತಿಂದು ಬಂದನೆಂದೇ ಲೆಕ್ಕ. ಗಂಟೆ ಮುಗಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಮತ್ತೆ ದಬ್ಬಣ ಹಿಡಿಯುತ್ತಾರೆ. ಸರ್ಕಾರದ ಒಂದು ನಿಮಿಷವೂ ಹಾಳಾಗುವುದಿಲ್ಲ. ಹಾಳಾಗುವುದು ಇವರ ಹೊಟ್ಟೆ ಮಾತ್ರ.

ಆ ವರ್ಷದ ಬಹಿಷ್ಕಾರ ದಿನಗೂಲಿಯವರ ಸಲುವಾಗಿ. ಅವರಿಗೆ ಫಂಡ್ ಕೊಡಿರೆಂದು ಪರ್ಮನೆಂಟ್ ಜನ ತಾವೇ ಮುಂದಾಗಿ ಉಪವಾಸ ನಿಂತಿದ್ದರು. ಎಲ್ಲರನ್ನೂ ಒಟ್ಟುಗೂಡಿಸಿದವರು ಗಾಯಧನಿ ಕಾಕಾ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಹೊತ್ತಿಗೆ ಸರಿಯಾಗಿ ಉಣ್ಣಬೇಕಿತ್ತು. ಆದರೂ ಸಾಲಿನ ಮೊದಲಿಗೆ ನಿಂತಿದ್ದರು.

ಅದೇ ದಿನ ವಿಶ್ವನಾಥಪ್ಪ ಏನೋ ವ್ಯವಹಾರಕ್ಕೆ ಜೀಪು ಮಾಡಿಕೊಂಡು ನಾಸಿಕ್‌ಗೆ ಬಂದಿದ್ದ. ಅಕ್ಕನಿಗೆ ಅಚಾನಕ್ ಖುಷಿ ಕೊಡೋಣವೆಂದು ಲತಾ, ರುಚಿತಾ ಇಬ್ಬರೂ ಜೊತೆಗೆ ಬಂದಿದ್ದರು. ಹುಡುಗಿಗೆ ಆಗ ಹತ್ತು ವರ್ಷ. "ಅವ್ವನ ಜೋಡಿ ಡಬ್ಬಿ ಉಣ್ತೀನಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿತ್ತಂತೆ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಇಬ್ಬರೂ ಗೇಟಿನ ಹೊರಗೆ ಬಂದು ನಿಂತರು.

ಚನ್ನಮ್ಮ ಒಳಗಿನಿಂದ ನೋಡಿದಳು. ಸರಳಿನ ಗೇಟು, ಇಪ್ಪತ್ತು ಮಾರು ದೂರ. ಮಗಳು "ಅವ್ವಾ!" ಎಂದು ಕೂಗಿ ಕೈ ಬೀಸಿದಳು. ಚನ್ನಮ್ಮನ ಕಾಲು ಎದ್ದೇ ಬಿಟ್ಟಿತ್ತು. ಆಗ ಸಾಲಿನ ಕಡೆ ನೋಡಿದಳು. ಅವಳಿಗಾಗಿಯೇ ಅಷ್ಟೂ ಜನ ಹಸಿದು ನಿಂತಿದ್ದರು. ಕಾಕಾ ಗೋಡೆಗೆ ಕೈ ಊರಿ ನಿಂತಿದ್ದರು. ಯಾರ ಸಲುವಾಗಿ ಉಪವಾಸವೋ ಅವಳೇ ಗೇಟು ದಾಟಿ ಹೋದರೆ ನಾಳೆ ಯಾರು ನಿಂತಾರು? ಅವಳು ಕದಲಲಿಲ್ಲ. ಪಹರೆಯವನ ಕೈಯಲ್ಲಿ ತನ್ನ ಡಬ್ಬಿ ಕೊಟ್ಟು ಕಳಿಸಿದಳು.

ಹೊರಗೆ ಬೇವಿನ ಮರದ ಬುಡದಲ್ಲಿ ಲತಾ ಡಬ್ಬಿ ಬಿಚ್ಚಿ ಹುಡುಗಿಗೆ ಉಣಿಸಿದಳು. ಹುಡುಗಿ ಒಂದು ತುತ್ತಿಗೊಮ್ಮೆ ಗೇಟಿನ ಕಡೆ ನೋಡುತ್ತಿದ್ದಳು, ಆಮೇಲೆ ನೋಡುವುದನ್ನು ಬಿಟ್ಟಳು. ಲತಾ ಬಾಯಿ ಒರೆಸಿದಳು, ನೀರು ಕುಡಿಸಿದಳು. ಊಟದ ಗಂಟೆ ಮುಗಿದು ಮತ್ತೆ ಚಾಪೆಗೆ ಹೋಗುವಾಗ ಚನ್ನಮ್ಮ ತಿರುಗಿ ನೋಡಿದರೆ ತಿರುಗಿ ಹೋಗುವ ಅವಸರದಲ್ಲಿದ್ದ ವಿಶ್ವನಾಥಪ್ಪನ ಜೀಪು ಹೊರಟಿತ್ತು. ಮಗಳು ಲತಾಳ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು.

ಗೇಟಿನ ಹೊರಗೆ ಕೂಗಿದ ಹುಡುಗಿ ಇವಳ ಮಗಳೆಂದು ಮರುದಿನ ತಿಳಿದು ಕಾಕಾ ತಲೆ ತಲೆ ಚಚ್ಚಿಕೊಂಡರು. "ಅಗ ವೇಡೇ, ಹುಚ್ಚೀ! ಮಗಳು ಬಂದಾಳ ಅಂತ ಒಂದು ಮಾತು ಹೇಳಬಾರದಿತ್ತೇನ? ನಾನೇ ಕೈ ಹಿಡಿದು ಗೇಟು ದಾಟಿಸ್ತಿದ್ದೆ. ಯಾರು ಏನಂತಿದ್ದರು?" ಎಂದು ಮರಾಠಿಯಲ್ಲಿ ಬೈದರು. ಚನ್ನಮ್ಮ ನನ್ನ ಬಳಿ ಬಂದು ಅದನ್ನೆಲ್ಲ ಹೇಳಿ, "ನಾ ಕೇಳಬೇಕಿತ್ರಿ ಮೇಡಮ್. ನನಗ ಕೇಳ್ಬೇಕು ಅಂತ ಹೊಳೀಲೇ ಇಲ್ರಿ" ಎಂದಳು. ಬ್ಯಾಂಕಿನ ನಟ್ಟನಡುವೆ, ಟೋಕನ್ ಹಿಡಿದ ಜನರ ಮುಂದೆ, ನಾಚಿಕೆ ಇಲ್ಲದೆ ಅತ್ತಳು. ಆ ವರ್ಷವೂ ಫಂಡ್ ಬರಲಿಲ್ಲ.

ಅಲ್ಲಿಂದ ಮುಂದೆ ರುಚಿತಾ ಏನೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು; ಒಂದೆರಡು ಸಲ ಚನ್ನಮ್ಮನ ಜೊತೆ ಹೋಗಿ ನಾನೇ ಕಂಡಿದ್ದೇನೆ. ಬಂದ ತಾಯಿಗೆ ನಮಸ್ಕಾರ ಮಾಡುತ್ತಿದ್ದಳು, ಚಹಾ ಕೊಡುತ್ತಿದ್ದಳು, ಮಾರ್ಕು ತೋರಿಸುತ್ತಿದ್ದಳು. ಆದರೆ ಲತಾಳನ್ನು, ಮರಾಠಿ ಮಕ್ಕಳು ತಾಯಿಯನ್ನು ಕರೆಯುವ ಹಾಗೆ, ಆಯಿ ಎನ್ನತೊಡಗಿದ್ದಳು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲು ಹೊರಟರೆ ಅರ್ಧಕ್ಕೆ ಮರಾಠಿ ನುಗ್ಗುತ್ತಿತ್ತು. ತಲೆಗೆ ಎಣ್ಣೆ ಹಚ್ಚಲು ಚನ್ನಮ್ಮ ಕರೆದರೆ "ಆಯಿ ನಿನ್ನೆ ಹಚ್ಯಾಳ" ಎನ್ನುತ್ತಿದ್ದಳು. ಔರಂಗಾಬಾದ್ ಸಂಭಾಜಿನಗರವಾಯಿತು, ಬಸ್ಸಿನ ಬೋರ್ಡು ಬದಲಾಯಿತು, ರುಚಿತಾ ಡಿಪ್ಲೊಮಾ ಮುಗಿಸಿ ಅಲ್ಲೇ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದಳು. ಚನ್ನಮ್ಮ ಮಾತ್ರ ಅದೇ ಚಾಪೆಯ ಮೇಲೆ, ಅದೇ ದಿನಗೂಲಿಯ ಮೇಲೆ.

ಹೋದ ವರ್ಷ ಒಂದು ಮಧ್ಯಾಹ್ನ ಆಕೆ ಬ್ಯಾಂಕಿಗೆ ಬಂದು, ಸಾಲು ಬಿಟ್ಟು ನೇರ ನನ್ನ ಕೌಂಟರಿಗೆ ಬಂದಳು. "ಲೈನ್ ಇಲ್ಲೇನವ್ವಾ ನಿನಗ?" ಎಂದು ನಾನು ಗದರಿದೆ. ಆಕೆ ಕೌಂಟರಿನ ಕಟ್ಟೆ ಹಿಡಿದುಕೊಂಡು ನಿಂತಳು. "ಆತ್ರಿ ಮೇಡಮ್. ಫಂಡ್ ಬಂತ್ರಿ. ನಾ ಪರ್ಮನೆಂಟ್ ಆದ್ನಿರಿ" ಎಂದಳು. ನಾನು ಕುರ್ಚಿ ಬಿಟ್ಟೆದ್ದು ಹೊರಗೆ ಬಂದು ಅವಳನ್ನು ತಬ್ಬಿಕೊಂಡೆ. ಮ್ಯಾನೇಜರು ಗಾಜಿನ ಹಿಂದಿನಿಂದ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ.

ಕ್ವಾರ್ಟರ್ಸೂ ಸಿಕ್ಕಿತು. ಒಂದು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ. ಆ ಎರಡು ವಾರ ಚನ್ನಮ್ಮನ ಸಂಭ್ರಮ ಹೇಳತೀರದು. ತಾನೇ ಸುಣ್ಣ ಬಳಿದಳು. ಕಿಟಕಿಗೆ ಪರದೆ ಹೊಲಿದಳು, ಡೇರೆ ಹೊಲಿದ ಕೈಯಲ್ಲಿ ತೆಳು ಬಟ್ಟೆ ನಿಲ್ಲುತ್ತಿಲ್ಲವೆಂದು ನಗುತ್ತಿದ್ದಳು. ಮಗಳಿಗೆಂದು ಮಂಚ, ಎತ್ತರದ ಕನ್ನಡಿ, ಫೋನ್ ಚಾರ್ಜಿಗೆ ಮಂಚದ ಪಕ್ಕದಲ್ಲೇ ಪ್ಲಗ್. "ಅಕಿ ಕೆಲಸ ಬಿಡಿಸೋದು ಬ್ಯಾಡ್ರಿ, ಇಲ್ಲೇ ಸಿನ್ನರ್ ಕಡಿ ಕಾರ್ಖಾನಿ ಭಾಳ ಅವ, ಒಂದು ಹುಡುಕೋಣು" ಎಂದು ನನ್ನನ್ನೂ ಗೋವಿಂದರನ್ನೂ ಕೆಲಸಕ್ಕೆ ಹಚ್ಚಿದಳು. ಫೋನಿನಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ, ಎದುರಿಗೆ ಹೇಳಬೇಕೆಂದು ಅವಳಾಸೆ. ಒಬ್ಬಳೇ ಹೋದರೆ ಖುಷಿಯಲ್ಲಿ ಮಾತು ತಪ್ಪೀತೆಂದು ನನ್ನನ್ನೂ ಹೊರಡಿಸಿದಳು. ಯೇವಲಾ ದಾಟಿ ವೈಜಾಪುರ ಬರುವ ತನಕ ಆಕೆ ಬಾಯಿ ಮುಚ್ಚಲಿಲ್ಲ.

ಸಂಭಾಜಿನಗರದ ಗಾರಖೇಡಾದಲ್ಲಿ ಲತಾಳ ಮನೆಗೆ ನಾವು ಮುಟ್ಟಿದಾಗ ಲತಾ ಒಬ್ಬಳೇ ಇದ್ದಳು, ರುಚಿತಾ ಇನ್ನೂ ಕಂಪನಿ ಬಸ್ಸಿನಲ್ಲಿ ಬರಬೇಕಿತ್ತು. ಭಾನುವಾರವಲ್ಲದ ದಿನ, ಅಕ್ಕನ ಮೈಮೇಲೆ ಹೊಸ ಸೀರೆ, ಜೊತೆಗೆ ನಾನು. ಲತಾ ಒಮ್ಮೆ ನೋಡಿದಳು, ಅವಳ ಮುಖದ ರಕ್ತ ಇಳಿಯಿತು. "ಕೂಡ್ರಿ, ಚಹಾ ಇಡ್ತೀನಿ" ಎಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಚನ್ನಮ್ಮ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿದ್ದಳು. ನಾನು ಅಡುಗೆಮನೆಗೆ ಹೋದೆ.

ಒಲೆ ಹಚ್ಚಿರಲಿಲ್ಲ. ಲತಾ ಕಟ್ಟೆಗೆ ಹಣೆ ಹಚ್ಚಿ ನಿಂತಿದ್ದಳು. "ಅಕ್ಕಗ ಪರ್ಮನೆಂಟ್ ಆತಲ್ರಿ?" ಎಂದಳು. ನಾನು ಹೌದೆಂದೆ.

"ನಾ ಅಡ್ಡ ಬರಾಂಗಿಲ್ರಿ. ಮಾತು ಕೊಟ್ಟೀನಿ. ಅಕಿ ಬಟ್ಟಿ ಎಲ್ಲಾ ಇಸ್ತ್ರಿ ಮಾಡಿ ಕೊಡ್ತೀನಿ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಒಂದು ಮಾತು ಹೇಳ್ತೀನಿ, ಅಕ್ಕನ ಮುಂದ ಹೇಳಬ್ಯಾಡ್ರಿ. ವರ್ಷಾ ವರ್ಷಾ ಅಕಿ ಬಂದು ಫಂಡ್ ಬಂದಿಲ್ಲ ಅಂತ ಅಳ್ತಿದ್ಲು. ನಾನೂ ಅಕಿ ಜೋಡಿ ಅಳ್ತಿದ್ದೆ. ಅಕಿ ಬಸ್ ಹತ್ತಿದ ಮ್ಯಾಲ ದೇವರ ಮುಂದ ದೀಪ ಹಚ್ತಿದ್ದೆ. ಇನ್ನೊಂದು ವರ್ಷ ಕೂಸು ನನ್ನ ಬಲ್ಲಿ ಇರ್ತದ ಅಂತ. ನನಗ ಪಾಪ ಹತ್ತತದೇನ್ರಿ?"

ಬಾಗಿಲಲ್ಲಿ ಚನ್ನಮ್ಮ ನಿಂತಿದ್ದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡಿರಲಿಲ್ಲ. ಲತಾ ಅವಳಿಗೆ ಬೆನ್ನು ಮಾಡಿದ್ದಳು, ನೋಡಲಿಲ್ಲ. ಚನ್ನಮ್ಮ ಸಪ್ಪಳ ಮಾಡದೆ ಹಿಂದಕ್ಕೆ ಸರಿದು ಹೋಗಿ ಪಡಸಾಲೆಯಲ್ಲಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಹೊರಗೆ ಬಸ್ಸು ನಿಂತ ಸದ್ದಾಯಿತು. "ಆಯಿ, ಲಯಿ ಭೂಕ್ ಲಾಗ್ಲಿಯ" ಎಂದು ಕೂಗುತ್ತಲೇ ರುಚಿತಾ ಬಾಗಿಲು ದೂಡಿ ಬಂದಳು. ಎಷ್ಟು ಹಸಿವಾಗಿದೆ ಎಂದು ತಾಯಿಗೆ ಹೇಳುವ ಮಗಳ ಸಲಿಗೆ ಅದು. ಚನ್ನಮ್ಮನನ್ನು ಕಂಡು ಅಲ್ಲೇ ನಿಂತಳು. ಹೊಸ ಸೀರೆ ನೋಡಿದಳು, ನನ್ನನ್ನು ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ಹೆಗಲ ಚೀಲ ಇಳಿಸಲಿಲ್ಲ.

"ಅವ್ವ," ಎಂದಳು, "ಪರ್ಮನೆಂಟ್ ಆತೇನ?"

ಆಯಿತೆಂದರೆ ಹುಡುಗಿ ಬರುತ್ತಿದ್ದಳು. ಅದರಲ್ಲಿ ನನಗೆ ಅನುಮಾನವಿಲ್ಲ. ಬಿಡಕಿನ್‌ನ ಕೆಲಸ ಬಿಟ್ಟು, ಲತಾಳನ್ನು ಬಿಟ್ಟು, ಕೊಟ್ಟ ಮಾತೆಂದು ಒಂದೂ ಎದುರಾಡದೆ ಬರುತ್ತಿದ್ದಳು. ಆ ಸುಣ್ಣ ಬಳಿದ ಕೋಣೆಯಲ್ಲಿ ನೆಂಟಳ ಹಾಗೆ ಇರುತ್ತಿದ್ದಳು. ಅದು ಚನ್ನಮ್ಮನಿಗೆ ನನಗಿಂತ ಮೊದಲೇ ತಿಳಿದಿತ್ತು.

"ಇಲ್ಲ ಕೂಸ," ಎಂದಳು ಚನ್ನಮ್ಮ. "ಈ ವರ್ಷಾನೂ ಫಂಡ್ ಬಂದಿಲ್ಲಂತ. ಮೇಡಮ್ಮೋರದು ಇಲ್ಲಿ ಏನೋ ಕೆಲಸ ಇತ್ತು. ಅವ್ರ ಜೋಡಿ ಸುಮ್ನ ನಿನ್ನ ನೋಡ್ಲಾಕ ಬಂದೀನಿ."

ಒಳಗೆ ಲತಾ ಒಂದು ಪಾತ್ರೆ ಕೈಬಿಟ್ಟಳು. ರುಚಿತಾ ದೊಡ್ಡದಾಗಿ ಉಸಿರು ಬಿಟ್ಟು ಚೀಲ ಕೆಳಗಿಟ್ಟಳು. ಆಮೇಲೆ ತಾಯಿಯ ಪಕ್ಕಕ್ಕೆ ಬಂದು ಕೂತು, ಅವಳ ಹೆಗಲ ಸುತ್ತ ಕೈ ಹಾಕಿ, ತಲೆಯನ್ನು ಅವಳ ತಲೆಗೆ ತಾಗಿಸಿದಳು. ಅಷ್ಟು ಹತ್ತಿರ ಆ ಹುಡುಗಿ ತಾನಾಗಿ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಜಾವು ದೇ, ಹೋಗ್ಲಿ ಬಿಡ ಅವ್ವ, ಮನಸಿಗಿ ಹಚ್ಕೋಬ್ಯಾಡ," ಎಂದಳು ರುಚಿತಾ. "ಮುಂದಿನ ವರ್ಷ ನಕ್ಕಿ, ಬಂದೇ ಬರ್ತದ."

"ಹೂಂ ಕೂಸ," ಎಂದಳು ಚನ್ನಮ್ಮ. "ಬರ್ತದ."